ಲೈಕ್ ಎ ಡ್ರ್ಯಾಗನ್ ಸರಣಿಯ ಮೂರು ಕಿರು ಆಟಗಳು: ಯಾವುದು ಯಾರಿಗೆ, ಯಾವಾಗ

ಸೆಗಾ ಸಂಸ್ಥೆಯ ರ್ಯು ಗಾ ಗೊತೊಕು ಸ್ಟುಡಿಯೊ ರೂಪಿಸುವ ‘ಲೈಕ್ ಎ ಡ್ರ್ಯಾಗನ್’ ವಿಡಿಯೊ ಗೇಮ್ ಸರಣಿ ಜಪಾನಿನ ಹೊರಗೆ ಬಹುಕಾಲ ‘ಯಾಕುಝಾ’ (ಜಪಾನಿನ ಭೂಗತ ಪಾತಕಿ ಗುಂಪುಗಳ ಹೆಸರು) ಎಂಬ ಹೆಸರಿನಿಂದಲೇ ಪರಿಚಿತವಾಗಿತ್ತು. 2005ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಮೊದಲ ಆಟದಿಂದ ಇಲ್ಲಿಯವರೆಗೆ ಸರಣಿ ಎಷ್ಟು ಹಿಗ್ಗಿದೆಯೆಂದರೆ, ಹೊಸಬರಿಗಿರಲಿ, ಹಳೆಯ ಆಟಗಾರರಿಗೂ ಮುಂದಿನ ಆಟವನ್ನು ಕೈಗೆತ್ತಿಕೊಳ್ಳುವ ಮುನ್ನ ಬಿಡುವಿನ ಲೆಕ್ಕ ಹಾಕಬೇಕಾಗುತ್ತದೆ. 2024ರ ಜನವರಿಯಲ್ಲಿ ಬಂದ ‘ಇನ್ಫಿನಿಟ್ ವೆಲ್ತ್’ನ ಮುಖ್ಯಕಥೆಗೇ 50 ಗಂಟೆಗಳ ಆಸುಪಾಸು ಬೇಕು, ಊರು ಸುತ್ತುತ್ತ, ಸಿಕ್ಕವರ ಕಷ್ಟಸುಖ ಕೇಳುತ್ತ ಆಡಿದರೆ ಅದು ಸುಲಭವಾಗಿ ಇಮ್ಮಡಿಯಾಗುತ್ತದೆ. ಇಂಥ ಸರಣಿಯಲ್ಲಿ ಹತ್ತು ಹದಿನೈದು ಗಂಟೆಗಳಲ್ಲಿ ಕಥೆ ಮುಗಿಸುವ ಆಟಗಳು ಬಂದಾಗ ಅವುಗಳ ಮೇಲೆ ಸಹಜವಾಗಿಯೇ ಕಣ್ಣು ಬೀಳುತ್ತದೆ.

ಹಾಗೆ ಬಂದವುಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು 2022ರ ಮಾರ್ಚ್‌ನಲ್ಲಿ, ಇದೇ ಸರಣಿಯ ಪತ್ತೇದಾರಿ ಕವಲಾದ ‘ಜಡ್ಜ್‌ಮೆಂಟ್’ನ ಎರಡನೆಯ ಆಟ ‘ಲಾಸ್ಟ್ ಜಡ್ಜ್‌ಮೆಂಟ್’ಗೆ ಸೇರ್ಪಡೆಯಾಗಿ ಬಂದ ‘ದ ಕೈತೊ ಫೈಲ್ಸ್’. ಎರಡನೆಯದು 2023ರ ನವೆಂಬರ್‌ನಲ್ಲಿ ಬಿಡುಗಡೆಯಾದ ‘ಲೈಕ್ ಎ ಡ್ರ್ಯಾಗನ್ ಗೈಡೆನ್: ದ ಮ್ಯಾನ್ ಹೂ ಇರೇಸ್ಡ್ ಹಿಸ್ ನೇಮ್’. ಮೂರನೆಯದು 2025ರ ಫೆಬ್ರುವರಿಯ ‘ಪೈರೇಟ್ ಯಾಕುಝಾ ಇನ್ ಹವಾಯಿ’. ಮೂರನ್ನೂ ಚಿಕ್ಕ ಆಟಗಳೆಂದು ಒಂದೇ ಸಾಲಿನಲ್ಲಿ ಕೂರಿಸುವುದು ವಾಡಿಕೆಯಾಗಿದೆ. ಯಾವುದು ಚಿಕ್ಕದು, ಯಾವುದು ಅಗ್ಗ ಎಂಬುದರ ಮೇಲೆಯೇ ಆಯ್ಕೆ ಮಾಡುವವರೂ ಇದ್ದಾರೆ. ಈ ಅಳತೆ ಸಾಲದು ಎಂಬುದು ನನ್ನ ಅಭಿಪ್ರಾಯ. ಈ ಆಟಗಳು ತಮ್ಮನ್ನು ಆಡುವವರಿಂದ ಕೇಳುವ ಪೂರ್ವಪರಿಚಯ ಒಂದೊಂದರಲ್ಲಿ ಒಂದೊಂದು ಬಗೆ, ಮತ್ತು ಆಟಗಾರರ ಅನಿಸಿಕೆಗಳು ಇಷ್ಟೊಂದು ಭಿನ್ನವಾಗಿರುವುದಕ್ಕೆ ಮುಖ್ಯ ಕಾರಣವೂ ಅದೇ.

ಮುಂದುವರಿಯುವ ಮುನ್ನ ಒಂದು ಎಚ್ಚರಿಕೆ: ಕೊನೆಯ ತಿರುವುಗಳನ್ನು ಇಲ್ಲಿ ಬಿಟ್ಟುಕೊಟ್ಟಿಲ್ಲ. ಆದರೆ ಗೈಡೆನ್‌ನ ಮೂಲ ಸನ್ನಿವೇಶವನ್ನು ಹೇಳಿದೊಡನೆ ‘ಯಾಕುಝಾ 6’ರ ಅಂತ್ಯ ಬಯಲಾಗುತ್ತದೆ, ಅದನ್ನು ತಪ್ಪಿಸಲು ದಾರಿಯಿಲ್ಲ.

ಗೈಡೆನ್: ಹೆಸರು ಅಳಿಸಿಕೊಂಡವನ ಕಥೆ

ಆರನೆಯ ಆಟದ ಕೊನೆಯಲ್ಲಿ ಸರಣಿಯ ಮೊದಲ ನಾಯಕ ಕಿರ್ಯು ಕಝುಮಾ ತಾನು ಸತ್ತನೆಂದು ಜಗತ್ತು ನಂಬುವಂತೆ ಮಾಡಿ, ಒಕಿನಾವಾದ ತನ್ನ ಅನಾಥಾಲಯದ ಮಕ್ಕಳ ಕ್ಷೇಮಕ್ಕಾಗಿ ಹೆಸರನ್ನೂ ನಂಟನ್ನೂ ತೊರೆಯುತ್ತಾನೆ. ಆನಂತರ ಅವನೇನಾದ ಎಂಬ ಪ್ರಶ್ನೆಗೆ ಗೈಡೆನ್ ಉತ್ತರ ಕೊಡುತ್ತದೆ. ರಾಜಕೀಯದ ತೆರೆಮರೆಯಲ್ಲಿ ಕೆಲಸ ಮಾಡುವ ಡೈಡೊಜಿ ಬಣ ಅವನನ್ನು ಒಂದು ದೇವಾಲಯದಲ್ಲಿರಿಸಿ, ಜೊರ್ಯು ಎಂಬ ಗುಪ್ತನಾಮ ಕೊಟ್ಟು, ತನ್ನ ಕೆಲಸಗಳಿಗೆ ಬಳಸಿಕೊಳ್ಳುತ್ತಿದೆ. ಚಿನ್ನದ ಕಳ್ಳಸಾಗಣೆಯ ಕಾವಲಿಗೆಂದು ಹೋದಲ್ಲಿ ಮುಖವಾಡ ತೊಟ್ಟ ಗುಂಪೊಂದು ಮೇಲೆ ಬೀಳುತ್ತದೆ, ಅವರಿಗೆ ಇವನ ನಿಜವಾದ ಗುರುತು ಮೊದಲೇ ತಿಳಿದಿರುತ್ತದೆ, ಅಲ್ಲಿಂದ ಕಥೆ ಒಸಾಕಾದ ಸೊಟೆನ್‌ಬೊರಿಗೆ ಹೊರಳುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು, ‘ಕಿರ್ಯು ಎಂಬವನನ್ನು ನಾನರಿಯೆ’ ಎಂದು ಅವನು ಮತ್ತೆ ಮತ್ತೆ ಹೇಳುವುದು, ಎದುರಿಗಿರುವವರು ಅವನನ್ನು ತಕ್ಷಣ ಗುರುತಿಸಿಬಿಡುವುದು ಆಟಗಾರರಿಗೆ ತುಂಬ ಹಿಡಿಸಿದ ವಿನೋದ. ಆ ವಿನೋದದ ಅಡಿಯಲ್ಲೇ ಈ ಆಟದ ದುಃಖವೂ ಇದೆ. ಬೀದಿಯ ರೌಡಿಗೂ ಗೊತ್ತಿರುವ ಮುಖ, ಅವನು ಪ್ರೀತಿಸುವ ಮಕ್ಕಳ ಎದುರು ಮಾತ್ರ ಕಾಣಿಸಿಕೊಳ್ಳುವಂತಿಲ್ಲ.

ಐದು ಅಧ್ಯಾಯಗಳ ಈ ಕಥೆಯನ್ನು ಸುಮಾರು 12 ಗಂಟೆಗಳಲ್ಲಿ ಮುಗಿಸಬಹುದು. ತಯಾರಿಕೆಗೆ ಹಿಡಿದದ್ದು ಆರೇಳು ತಿಂಗಳಷ್ಟೇ ಎಂಬುದನ್ನು ಸ್ಟುಡಿಯೊ ಮುಚ್ಚಿಟ್ಟಿಲ್ಲ. ಸೊಟೆನ್‌ಬೊರಿಯ ಬೀದಿಗಳನ್ನು ಹಿಂದಿನ ಆಟಗಳಲ್ಲಿ ಸುತ್ತಿದವರಿಗೆ ಆ ಅವಸರದ ಗುರುತುಗಳು ಕಾಣುತ್ತವೆ. ಆದರೂ ಸ್ಟುಡಿಯೊ ಕೈಯಲ್ಲಿದ್ದ ನಕ್ಷೆಯನ್ನೇ ಹೊಸ ಕಣ್ಣಿನಿಂದ ನೋಡಿದೆ ಎನ್ನಬೇಕು. ‘ಕಾಸಲ್’ ಎಂಬ, ಹಡಗಿನ ಮೇಲೆಯೇ ಕಟ್ಟಿದ ಜೂಜಿನ ಮನೆ ಮತ್ತು ಕಾಳಗದ ಅಖಾಡ ಈ ಆಟದ ಸ್ವಂತ ಸೃಷ್ಟಿ; ಮೊದಲ ಬಾರಿ ಅದರೊಳಗೆ ಕಾಲಿಟ್ಟಾಗಿನ ಝಗಮಗವನ್ನು ಮೆಚ್ಚದವರು ಕಡಿಮೆ.

ಕಾದಾಟದ ವಿಷಯದಲ್ಲಿ ಗೈಡೆನ್‌ಗೆ ಸಿಕ್ಕ ಸ್ವಾಗತಕ್ಕೆ ಒಂದು ಹಿನ್ನೆಲೆ ಇದೆ. 2020ರ ‘ಯಾಕುಝಾ: ಲೈಕ್ ಎ ಡ್ರ್ಯಾಗನ್’ನಿಂದ ಮುಖ್ಯ ಸರಣಿ ಸರದಿಯ ಪ್ರಕಾರ ಹೊಡೆದಾಡುವ ಪದ್ಧತಿಗೆ ಬದಲಾಯಿತು. ಹಳೆಯ ಮುಷ್ಟಿಕಾಳಗವನ್ನು ಬಯಸುತ್ತಿದ್ದವರಿಗೆ ಗೈಡೆನ್ ಅದನ್ನು ಕಿರ್ಯುವಿನ ಕೈಯಿಂದಲೇ ಮರಳಿಸಿತು. ಇಲ್ಲಿ ಎರಡು ಶೈಲಿಗಳಿವೆ. ಯಾಕುಝಾ ಶೈಲಿ ಭಾರವಾದದ್ದು. ಗುಂಡಿಯನ್ನು ಒತ್ತಿ ಹಿಡಿದು ಬಲ ತುಂಬಿ ಹೊಡೆದರೆ ಎದುರಾಳಿ ದೂರ ಹೋಗಿ ಬೀಳುತ್ತಾನೆ. ಏಜೆಂಟ್ ಶೈಲಿಯದು ಚುರುಕು, ಜೊತೆಗೆ ಗೂಢಚಾರನ ಉಪಕರಣಗಳು. ಇವುಗಳಲ್ಲಿ ‘ಸ್ಪೈಡರ್’ ಎಂಬ ತಂತಿ ಎಲ್ಲರ ನೆಚ್ಚಿನದು. ಎಂಟು ಹತ್ತು ಮಂದಿ ಸುತ್ತುವರಿದಾಗ ಕೈಗಡಿಯಾರದಿಂದ ಚಿಮ್ಮಿದ ತಂತಿ ಇಬ್ಬರು ಮೂವರನ್ನು ಒಟ್ಟಿಗೆ ಕಟ್ಟುತ್ತದೆ, ಗುಂಡಿಯನ್ನು ಇನ್ನಷ್ಟು ಹೊತ್ತು ಅದುಮಿದರೆ ಅವರು ನೆಲ ಬಿಟ್ಟು ಎದ್ದು ಉಳಿದವರ ಮೇಲೆಯೇ ಹೋಗಿ ಬೀಳುತ್ತಾರೆ, ಆ ಒಂದು ಕ್ಷಣ ಬೀದಿಯ ನಡುವೆ ಕಿರ್ಯುವಿಗೆ ಉಸಿರಾಡಲು ಜಾಗ ಸಿಗುತ್ತದೆ. ಸಿಗರೇಟಿನಂತೆ ಕಾಣುವ ಸಿಡಿಗುಂಡು, ಕಚ್ಚಲು ಬರುವ ಪುಟ್ಟ ಡ್ರೋನ್‌ಗಳು, ಬೆಂಕಿಯುಗುಳುತ್ತ ಓಡಿಸುವ ಬೂಟುಗಳು ನೋಡಲು ಚೆನ್ನ. ಆದರೆ ದೊಡ್ಡ ಎದುರಾಳಿಗಳ ಮುಂದೆ ಅವು ಅಷ್ಟಾಗಿ ನಡೆಯುವುದಿಲ್ಲವೆಂದು, ಆಟದ ಕೊನೆಯ ಭಾಗವನ್ನು ಯಾಕುಝಾ ಶೈಲಿಯಲ್ಲೇ ಮುಗಿಸಿದವರು ಬಹಳ ಮಂದಿ.

ದೂರುಗಳೂ ಇವೆ, ಅವುಗಳಲ್ಲಿ ಒಂದು ಪದೇ ಪದೇ ಕೇಳಿಬರುತ್ತದೆ. ಸೊಟೆನ್‌ಬೊರಿಯಲ್ಲಿ ಅಕಾಮೆ ಎಂಬ ಹೆಣ್ಣುಮಗಳು ಮನೆಯಿಲ್ಲದವರ ನೆರವಿನಿಂದ ಸುದ್ದಿ ಕಲೆಹಾಕುವ ಜಾಲವನ್ನು ನಡೆಸುತ್ತಾಳೆ. ಆಟದ ಉಪಕಥೆಗಳು, ಬೀದಿಯ ಸಣ್ಣಪುಟ್ಟ ಬೇಡಿಕೆಗಳು ಎಲ್ಲವೂ ಅವಳ ಮೂಲಕವೇ ಬರುತ್ತವೆ. ಕಿರ್ಯುವಿನ ಶಕ್ತಿ ಹೆಚ್ಚಿಸಲು ಹಣದ ಜೊತೆಗೆ ಅವಳ ಜಾಲದ ಅಂಕಗಳೂ ಬೇಕು. ಇಷ್ಟಾದರೆ ಸರಿ. ಆದರೆ ಕಥೆ ವೇಗ ಪಡೆದ ಹೊತ್ತಿನಲ್ಲಿ, ಜಾಲದಲ್ಲಿ ನಿಗದಿತ ಮಟ್ಟ ತಲುಪುವ ತನಕ ಮುಂದಿನ ದೃಶ್ಯ ತೆರೆಯುವುದಿಲ್ಲ. ಯಾರದ್ದೋ ಕಳೆದುಹೋದ ವಸ್ತು ಹುಡುಕಿಕೊಡುವುದು, ಬೀದಿಯಲ್ಲಿ ಪೀಡಿಸುವವರನ್ನು ಓಡಿಸುವುದು, ಇವನ್ನು ಆಟಗಾರರು ಮನಸ್ಸಿದ್ದರೂ ಇಲ್ಲದಿದ್ದರೂ ಮಾಡಲೇಬೇಕು. ಚಿಕ್ಕದಾಗಿರುವುದೇ ತನ್ನ ಗುಣ ಎನ್ನುವ ಆಟ ಹೀಗೆ ಬಲವಂತವಾಗಿ ಹಿಗ್ಗಬಾರದಿತ್ತು. ಉಪಕಥೆಗಳನ್ನು ತಾವಾಗಿಯೇ ಹುಡುಕಿ ಆಡುವವರಿಗೆ ಈ ಗೋಡೆ ಎದುರಾದದ್ದೇ ಗೊತ್ತಾಗುವುದಿಲ್ಲ, ಕಥೆಯ ಬೆನ್ನು ಹತ್ತಿದವರಿಗೆ ಅದು ನೇರ ಹಣೆಗೆ ಬಡಿಯುತ್ತದೆ. ಇದನ್ನು ಮೊದಲೇ ಬಲ್ಲವರು ಎರಡನೆಯ ಅಧ್ಯಾಯದಿಂದಲೇ ದಾರಿಯಲ್ಲಿ ಸಿಕ್ಕ ಬೇಡಿಕೆಗಳನ್ನು ಆಗಿಂದಾಗ್ಗೆ ತೀರಿಸಿಕೊಂಡು ಹೋಗುವುದು ಒಳ್ಳೆಯದು. ನಿಜವಾದ ನಟಿಯರನ್ನು ಚಿತ್ರೀಕರಿಸಿ ಸೇರಿಸಿರುವ ಕ್ಯಾಬರೆ ಕ್ಲಬ್ಬಿನ ಭಾಗವೂ ಆಟಗಾರರನ್ನು ಎರಡು ಪಕ್ಷ ಮಾಡಿದೆ. ಉಳಿದೆಲ್ಲ ಆಟದ ಚಿತ್ರಗಳ ನಡುವೆ ಅದು ಹೊಂದಿಕೊಳ್ಳದೆ ನಿಲ್ಲುತ್ತದೆ. ಬಿಟ್ಟು ಮುಂದೆ ಹೋದರೆ ಕಥೆಗೆ ನಷ್ಟವೇನಿಲ್ಲ.

ಇನ್ನು ಅಂತ್ಯದ ಮಾತು. ಗೈಡೆನ್ ಆಡಿದವರ ನಡುವೆ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ ಕೊನೆಯ ಒಂದು ಗಂಟೆಯ ಬಗ್ಗೆ ಬಹುಮಟ್ಟಿಗೆ ಒಮ್ಮತವಿದೆ. ಒಸಾಕಾ ಕಡೆಯ ದೊಡ್ಡ ಯಾಕುಝಾ ಸಂಘಟನೆಯಾದ ಒಮಿ ಒಕ್ಕೂಟದ ವಿಸರ್ಜನೆ 2020ರ ಆಟದಲ್ಲಿ ಈಗಾಗಲೇ ನಡೆದುಹೋದ ಘಟನೆ. ಆಗ ಅದನ್ನು ಆ ಆಟದ ನಾಯಕ ಇಚಿಬಾನ್ ಕಸುಗಾನ ಕಡೆಯಿಂದ ನೋಡಿದ್ದೆವು, ಕಿರ್ಯು ಅಲ್ಲಿ ಕೆಲವು ಹೊತ್ತು ಬಂದು ಹೋಗುವ ಅತಿಥಿಯಾಗಿದ್ದ. ಇಲ್ಲಿ ಅದೇ ಘಟನೆ ಅವನ ಕಡೆಯಿಂದ ತೆರೆದುಕೊಳ್ಳುತ್ತದೆ, ಮತ್ತು ಯಾಕುಝಾ ಬದುಕೇ ಇಲ್ಲವಾದರೆ ತಮಗೆ ಉಳಿಯುವುದೇನು ಎಂದು ಕೇಳುವವರ ಸಿಟ್ಟಿಗೂ ಜಾಗ ಸಿಗುತ್ತದೆ. ಆ ಸಿಟ್ಟಿನ ಮೂರ್ತರೂಪ ಶಿಶಿಡೊ. ಕೆಳಗಿನಿಂದ ಮೈಮುರಿದು ಮೇಲೆ ಬಂದ, ಬೇರೆ ಬದುಕನ್ನೇ ಅರಿಯದ ಆಳು; ಅವನೊಡನೆ ನಡೆಯುವ ಕೊನೆಯ ಕಾಳಗವನ್ನು ಸರಣಿಯ ಅತ್ಯುತ್ತಮ ಕಾಳಗಗಳ ಸಾಲಿನಲ್ಲಿ ಇಡುವವರು ಅನೇಕರು, ನಾನೂ ಅವರ ಜೊತೆಗಿದ್ದೇನೆ. ಅದಾದ ಮೇಲಿನ ದೃಶ್ಯದಲ್ಲಿ ಹೊಡೆದಾಟವಿಲ್ಲ, ಮಾತೂ ಹೆಚ್ಚಿಲ್ಲ. ಕಿರ್ಯುವಿಗೆ ದನಿ ಕೊಟ್ಟ ತಕಾಯಾ ಕುರೊಡಾ ಅವರು ಆ ಕೆಲವು ನಿಮಿಷಗಳಲ್ಲಿ ಮಾಡಿರುವ ಅಭಿನಯ ಅವರ ಅಷ್ಟೂ ವರ್ಷಗಳ ಕೆಲಸದಲ್ಲಿಯೇ ಮೇಲುಮಟ್ಟದ್ದು.

ಆದರೆ ಈ ದೃಶ್ಯ ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಮೂರನೆಯ ಆಟದಲ್ಲಿ ಒಕಿನಾವಾದ ಆ ಮಕ್ಕಳ ಮನೆಯಲ್ಲಿ ಗಂಟೆಗಟ್ಟಲೆ ಕಳೆದವರಿಗೆ, ಆರನೆಯ ಆಟದಲ್ಲಿ ಪುಟ್ಟ ಹರುಟೊನನ್ನು ಎತ್ತಿಕೊಂಡು ಊರೂರು ಅಲೆದವರಿಗೆ ಅಲ್ಲಿ ಕಣ್ಣು ತುಂಬುತ್ತದೆ. ಗೈಡೆನ್‌ನಿಂದಲೇ ಸರಣಿಗೆ ಕಾಲಿಟ್ಟವರಿಗೆ ಕಾಣುವುದು ದೊಡ್ಡ ಆಳೊಬ್ಬ ಅಳುವುದು ಮಾತ್ರ. ‘ಚಿಕ್ಕದಾಗಿದೆ, ಇದರಿಂದಲೇ ಶುರು ಮಾಡೋಣ’ ಎಂದು ಯಾರಾದರೂ ಹೊರಟರೆ ಅವರನ್ನು ತಡೆಯಬೇಕೆನಿಸುವುದು ಇದೇ ಕಾರಣಕ್ಕೆ. ಸರಣಿಯ ಅತ್ಯಂತ ಚಿಕ್ಕ ಬಾಗಿಲಿನಂತೆ ಕಾಣುವ ಇದು ವಾಸ್ತವದಲ್ಲಿ ಅದರ ಅತ್ಯಂತ ಒಳಗಿನ ಕೋಣೆ.

ದ ಕೈತೊ ಫೈಲ್ಸ್: ಹರಟೆಯಿಲ್ಲದ ಪತ್ತೇದಾರಿ

ಕೈತೊ ಫೈಲ್ಸ್ ಸ್ವತಂತ್ರ ಆಟವಲ್ಲ. ಆಡಲು 2021ರ ‘ಲಾಸ್ಟ್ ಜಡ್ಜ್‌ಮೆಂಟ್’ ಇರಲೇಬೇಕು. ವಕೀಲಿಕೆ ಬಿಟ್ಟು ಪತ್ತೇದಾರನಾದ ಯಾಗಾಮಿಯ ಜೊತೆಗಾರ ಮಸಹರು ಕೈತೊ ಇದರ ನಾಯಕ. ಯಾಗಾಮಿ ಊರಲ್ಲಿಲ್ಲದ ಹೊತ್ತು, ಕೈತೊ ಒಬ್ಬನೇ ಕಚೇರಿ ನೋಡಿಕೊಳ್ಳುತ್ತಿರುವಾಗ, ಎರಡು ವರ್ಷದ ಹಿಂದೆ ಸತ್ತಳೆಂದು ಎಲ್ಲರೂ ನಂಬಿದ್ದ ಹೆಂಗಸನ್ನು ಹುಡುಕಿಕೊಡಬೇಕೆಂಬ ಬೇಡಿಕೆ ಬರುತ್ತದೆ. ಆಕೆ ಮಿಕಿಕೊ, ಒಂದು ಕಾಲದಲ್ಲಿ ಕೈತೊ ಪ್ರೀತಿಸಿದವಳು. ಬೆನ್ನಿಗೇ, ಅವನು ತನ್ನ ತಂದೆಯಿರಬಹುದೆಂದು ಅನುಮಾನಿಸುವ ಜುನ್ ಎಂಬ ಹುಡುಗನೂ ಕಾಣಿಸಿಕೊಳ್ಳುತ್ತಾನೆ.

ನಾಲ್ಕು ಅಧ್ಯಾಯಗಳು, ಹತ್ತು ಗಂಟೆಯೊಳಗಿನ ಕಥೆ, ಊರೆಂದರೆ ಟೋಕಿಯೊದ ಕಾಲ್ಪನಿಕ ಬಡಾವಣೆ ಕಾಮುರೊಚೊ, ಬದಿಯ ಚಟುವಟಿಕೆಗಳು ತೀರ ಕಡಿಮೆ. ಮೂಲ ಆಟದ ಮಿನಿ ಗೇಮ್‌ಗಳ ರಾಶಿಯನ್ನು ಕಂಡವರಿಗೆ ಇಲ್ಲಿನ ಬೀದಿಗಳು ಬರಿದೆನಿಸಿದ್ದುಂಟು. ನನಗೆ ಆ ಬಿಗಿಯೇ ಇದರ ಬಲವಾಗಿ ಕಾಣುತ್ತದೆ. ಗೈಡೆನ್‌ನಲ್ಲಿರುವ ಬಲವಂತದ ನಿಲುಗಡೆ ಇಲ್ಲಿಲ್ಲ, ಒಂದು ಸುಳಿವು ಇನ್ನೊಂದಕ್ಕೆ ನೇರವಾಗಿ ಒಯ್ಯುತ್ತದೆ. ತನಿಖೆಯ ರೀತಿಯೂ ಕೈತೊನ ಸ್ವಭಾವಕ್ಕೆ ತಕ್ಕಂತಿದೆ. ಯಾಗಾಮಿಯಂತೆ ಸಲಕರಣೆಗಳನ್ನು ಹಿಡಿಯದೆ, ಅವನು ಕಣ್ಣು, ಕಿವಿ, ಮೂಗುಗಳನ್ನೇ ನಂಬುತ್ತಾನೆ. ಗಾಳಿಯಲ್ಲಿ ತೇಲಿಬಂದ ವಾಸನೆಯ ಜಾಡು ಹಿಡಿದು ಕೋಣೆಯ ಮೂಲೆಗೆ ಹೋಗುವಾಗ ಅವನ ಹುಬ್ಬು ಗಂಟಿಕ್ಕುವುದನ್ನು ನೋಡಬೇಕು. ಕಾದಾಟದಲ್ಲಿ ಬ್ರೂಸರ್, ಟ್ಯಾಂಕ್ ಎಂಬ ಎರಡು ಶೈಲಿಗಳಿವೆ. ಯಾಗಾಮಿ ತಪ್ಪಿಸಿಕೊಂಡು ಹೊಡೆದರೆ ಕೈತೊ ಪೆಟ್ಟು ತಿಂದುಕೊಂಡೇ ಮುನ್ನುಗ್ಗುತ್ತಾನೆ. ಖಳನ ಪಾತ್ರಕ್ಕೆ ಇನ್ನಷ್ಟು ಸಮಯ ಕೊಡಬೇಕಿತ್ತು ಎನ್ನುವವರ ಮಾತನ್ನು ತಳ್ಳಿಹಾಕಲಾಗದು.

ಕಿರ್ಯುವಿನ ಇತಿಹಾಸ ಗೊತ್ತಿಲ್ಲದವರೂ ಇದನ್ನು ಪೂರ್ತಿಯಾಗಿ ಸವಿಯಬಹುದು. ಕೈತೊನ ಪರಿಚಯ ಮಾತ್ರ ಬೇಕು. ಅದಕ್ಕೆ ಲಾಸ್ಟ್ ಜಡ್ಜ್‌ಮೆಂಟ್ ಒಂದನ್ನು ಮುಗಿಸಿದ್ದರೂ ಸಾಕು. ಅಪರಾಧ ಕಥೆಯೆಂದು ಅಳೆದರೆ ಮೂರರಲ್ಲಿ ಇದೇ ಅಚ್ಚುಕಟ್ಟು.

ಪೈರೇಟ್ ಯಾಕುಝಾ: ಕಥೆಗಿಂತ ಆಟ ದೊಡ್ಡದು

ನೆನಪು ಕಳೆದುಕೊಂಡು ಪೆಸಿಫಿಕ್‌ನ ಚಿಕ್ಕ ದ್ವೀಪವೊಂದರ ದಡ ಸೇರಿದ, ಸರಣಿಯ ಹಳೆಯ ಪಾತ್ರ ಗೊರೊ ಮಜಿಮಾ, ನೋವಾ ಎಂಬ ಬಾಲಕನ ಸ್ನೇಹ ಬೆಳೆಸಿ, ಹಡಗನ್ನು ವಶಪಡಿಸಿಕೊಂಡು, ನಿಧಿಯ ಬೆನ್ನು ಹತ್ತಿ ಕಡಲ್ಗಳ್ಳನಾಗುವ ಕಥೆ ಇದು. ಗೈಡೆನ್‌ಗಿಂತ ಇದು 1.3ರಿಂದ 1.5 ಪಟ್ಟು ದೊಡ್ಡದೆಂದು ಸ್ಟುಡಿಯೊದ ಮುಖ್ಯಸ್ಥ ಮಸಯೊಶಿ ಯೊಕೊಯಾಮಾ ಅವರು ಬಿಡುಗಡೆಗೆ ಮುನ್ನವೇ ಹೇಳಿದ್ದರು, ಆಡಿದವರ ಅನುಭವವೂ ಅದಕ್ಕೆ ಹೊಂದುತ್ತದೆ. ಅಮೆರಿಕದಲ್ಲಿ ಗೈಡೆನ್ 49.99 ಡಾಲರಿಗೆ ಬಂದಿತ್ತು, ಇದು 59.99ಕ್ಕೆ ಬಂತು, ವ್ಯತ್ಯಾಸ ಗಾತ್ರಕ್ಕೆ ತಕ್ಕದ್ದೇ.

ಕೈಗೆ ಸಿಗುವ ಸುಖದಲ್ಲಿ ಇದನ್ನು ಮೀರಿಸಿದ್ದು ಈ ಮೂರರಲ್ಲಿಲ್ಲ. ಮಜಿಮಾ ನೆಲದಿಂದ ಜಿಗಿಯಬಲ್ಲ, ಎದುರಾಳಿಯನ್ನು ಗಾಳಿಯಲ್ಲೇ ಹಿಡಿದು ಹೊಡೆಯಬಲ್ಲ. ಮ್ಯಾಡ್ ಡಾಗ್ ಶೈಲಿಯಲ್ಲಿ ಕಿರುಗತ್ತಿಯ ವೇಗ, ಸೀ ಡಾಗ್ ಶೈಲಿಯಲ್ಲಿ ಎರಡು ಬಾಗುಗತ್ತಿ, ಪಿಸ್ತೂಲು ಮತ್ತು ಕೊಕ್ಕೆಯ ಸರಪಳಿ. ಹಡಗಿಗೆ ಆಳುಗಳನ್ನು ಊರೂರಿನಿಂದ ಸೇರಿಸುವುದು, ಅವರನ್ನು ಹುರಿದುಂಬಿಸಿ ಶತ್ರುವಿನ ಹಡಗಿನ ಅಟ್ಟಕ್ಕೆ ನುಗ್ಗುವುದು ಮೊದಲ ಕೆಲವು ಗಂಟೆ ಮೈಮರೆಸುತ್ತದೆ. ಆಮೇಲೆ ಕಡಲಿನ ಕಾಳಗಗಳು ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣತೊಡಗುತ್ತವೆ, ಹೊನೊಲುಲು ಊರನ್ನು ಇನ್ಫಿನಿಟ್ ವೆಲ್ತ್‌ನಿಂದ ಹಾಗೆಯೇ ತಂದದ್ದು ಕಣ್ಣಿಗೆ ಹೊಡೆಯುತ್ತದೆ. ಮಜಿಮಾನ ಒಳಗನ್ನು ತೆರೆದಿಡುವ ಅವಕಾಶವನ್ನು ಕಥೆ ಪೂರ್ತಿಯಾಗಿ ಬಳಸಿಕೊಂಡಿಲ್ಲವೆಂಬ ಬೇಸರ ಅವನನ್ನು ‘ಯಾಕುಝಾ 0’ಯಲ್ಲಿ ಕಂಡವರಿಗೆ ಇದ್ದೇ ಇದೆ. ಆ ಬೇಸರ ನ್ಯಾಯವಾದದ್ದು. ನೋವಾನೊಡನೆ ಅವನ ಒಡನಾಟ ಮಾತ್ರ ಮುಗ್ಧವಾಗಿ, ಹದವಾಗಿ ಬಂದಿದೆ.

ನಾಯಕನಿಗೇ ಹಿಂದಿನದು ನೆನಪಿಲ್ಲದ ಕಾರಣ ಹೊಸಬರಿಗೆ ಇದು ತಕ್ಕ ಆರಂಭ ಎಂಬ ಸಲಹೆ ಆಗಾಗ ಕೇಳುತ್ತದೆ. ಅರ್ಧ ನಿಜ. ಕಾದಾಟ, ಹಾಡು, ಕುಣಿತ, ನಿಧಿಬೇಟೆ ಇವುಗಳಿಗೆ ಯಾವ ಪೂರ್ವಪರಿಚಯವೂ ಬೇಡ. ಆದರೆ ಕಥೆ ಇನ್ಫಿನಿಟ್ ವೆಲ್ತ್ ಮುಗಿದ ಆರು ತಿಂಗಳ ನಂತರದ್ದು, ಅದರ ಅಂತ್ಯದ ಮುಖ್ಯ ಸಂಗತಿಗಳು ಇಲ್ಲಿ ಮಾತಿನ ನಡುವೆ ಹೊರಬೀಳುತ್ತವೆ. ಆ ದೊಡ್ಡ ಆಟವನ್ನು ಎಂದಾದರೂ ಆಡುವ ಆಸೆಯಿದ್ದವರು ಇದನ್ನು ತಡೆದಿಡಬೇಕು. ಆ ಆಸೆಯೇ ಇಲ್ಲದವರು ನಾಳೆಯೇ ತೊಡಗಬಹುದು.

ಆರಿಸುವ ಹೊತ್ತಿಗೆ

ಕಿರ್ಯುವಿನ ಕಥೆಯನ್ನು ಆರನೆಯ ಆಟದವರೆಗೆ ನೋಡಿದವರು ಎರಡನೆಯ ಯೋಚನೆ ಮಾಡದೆ ಗೈಡೆನ್ ಆರಿಸಬಹುದು. 2020ರ ಆಟವನ್ನೂ ಮುಗಿಸಿ ಬಂದರೆ ಇನ್ನೂ ಒಳ್ಳೆಯದು, ಏಕೆಂದರೆ ಗೈಡೆನ್ ಅದರ ಕೊನೆಯ ಭಾಗದ ಜೊತೆಜೊತೆಗೇ ನಡೆಯುತ್ತದೆ, ಅಲ್ಲಿನ ಗುಟ್ಟುಗಳನ್ನು ಇಲ್ಲಿ ಮುಚ್ಚಿಡುವುದಿಲ್ಲ. 2020ರ ಆಟವನ್ನು ಮಾತ್ರ ಆಡಿ, ಕಸುಗಾನ ಮೂಲಕ ಸರಣಿಗೆ ಬಂದವರ ಸ್ಥಿತಿ ಸ್ವಲ್ಪ ಇಕ್ಕಟ್ಟಿನದು. ಇನ್ಫಿನಿಟ್ ವೆಲ್ತ್‌ಗೆ ಮುನ್ನ ಗೈಡೆನ್ ಕಡ್ಡಾಯವೇ ಎಂದು ಅವರು ಕೇಳುತ್ತಾರೆ. ಕಥೆಯ ಎಳೆ ಹಿಡಿಯಲು ಕಡ್ಡಾಯವಲ್ಲ, ಬೇಕಾದಷ್ಟನ್ನು ಆ ಆಟವೇ ವಿವರಿಸುತ್ತದೆ. ಆದರೆ ಹನಾವಾ ಯಾರು, ಡೈಡೊಜಿ ಬಣಕ್ಕೂ ಕಿರ್ಯುವಿಗೂ ಏನು ಸಂಬಂಧ, ಅವನ ಮೌನದ ಹಿಂದೆ ಏನಿದೆ ಎಂಬುದು ಗೈಡೆನ್ ಆಡಿದವರಿಗೆ ಮಾತ್ರ ಮನಸ್ಸಿಗೆ ತಟ್ಟುವ ಹಾಗೆ ಗೊತ್ತಿರುತ್ತದೆ. ಇವರಿಗೆ ನನ್ನ ಸಲಹೆ: ಬಿಡುವಿದ್ದರೆ ಮೊದಲು ಆರನೆಯ ಆಟ, ಆಮೇಲೆ ಗೈಡೆನ್, ಬಿಡುವಿಲ್ಲದಿದ್ದರೆ ಗೈಡೆನ್ ಒಂದನ್ನಾದರೂ ಮುಗಿಸಿ ಮುಂದೆ ಹೋಗಿ.

ಸರಣಿಯಲ್ಲಿ ಏನನ್ನೂ ಆಡದವರು ಚಿಕ್ಕದೊಂದರಿಂದ ರುಚಿ ನೋಡಬೇಕೆಂದರೆ ಮೂರರಲ್ಲಿ ಯಾವುದೂ ಪೂರ್ತಿ ಸರಿಹೊಂದುವುದಿಲ್ಲ. ಅವರಿಗೆ 2015ರ ‘ಯಾಕುಝಾ 0’ಯೇ ಸರಿಯಾದ ದಾರಿ, ಅದು ಚಿಕ್ಕದಲ್ಲದಿದ್ದರೂ. ಪತ್ತೇದಾರಿ ಕಥೆಯ ಒಲವಿರುವವರು ಜಡ್ಜ್‌ಮೆಂಟ್ ಆಟಗಳಿಂದ ಆರಂಭಿಸಿ ಕೈತೊ ಫೈಲ್ಸ್‌ಗೆ ಬರಬಹುದು. ಈ ದಾರಿ ಮುಖ್ಯ ಸರಣಿಯ ಭಾರವನ್ನು ಹೆಗಲಿಗೆ ಹೊರಿಸುವುದಿಲ್ಲ, ಮತ್ತು ಇಲ್ಲಿ ನಡೆದವರು ಅಷ್ಟಾಗಿ ಇಲ್ಲದಿರುವುದು ನನಗೆ ಅನ್ಯಾಯವೆನಿಸುತ್ತದೆ.

ಕೊಳ್ಳುವ ಮುನ್ನ ತಿಳಿದಿರಬೇಕಾದ ಸಣ್ಣ ಸಂಗತಿಗಳೂ ಇವೆ. ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ಗೈಡೆನ್ ಡೌನ್‌ಲೋಡ್ ರೂಪದಲ್ಲಷ್ಟೇ ಬಿಡುಗಡೆಯಾಯಿತು, ಆದ್ದರಿಂದ ಆಡಿ ಮುಗಿಸಿ ಡಿಸ್ಕ್ ಮಾರುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬಿಡುಗಡೆಯ ದಿನ ಅದರಲ್ಲಿ ಜಪಾನಿ ದನಿ ಮಾತ್ರವಿತ್ತು. ಇಂಗ್ಲಿಷ್ ದನಿಯನ್ನು ಆಮೇಲೆ ಉಚಿತವಾಗಿ ಸೇರಿಸಲಾಯಿತು. ಕೊನೆಯ ದೃಶ್ಯಕ್ಕಾಗಿಯಾದರೂ ಜಪಾನಿ ದನಿಯಲ್ಲೇ ಆಡುವುದು ಮೇಲು. ಎರಡು ಚಿಕ್ಕ ಆಟಗಳನ್ನು ಬೆನ್ನುಬೆನ್ನಿಗೆ ಆಡುವ ಯೋಜನೆಯಿದ್ದರೆ ಗೈಡೆನ್ ಮತ್ತು ಪೈರೇಟ್ ಯಾಕುಝಾವನ್ನು ಜೋಡಿಸಬೇಡಿ: ನಡುವೆ ಇನ್ಫಿನಿಟ್ ವೆಲ್ತ್ ಬರಬೇಕು, ಕಿರ್ಯುವಿನ ಕಥೆ ಗೈಡೆನ್ ಬಿಟ್ಟಲ್ಲಿಂದ ಮುಂದುವರಿಯುವುದು ಅಲ್ಲೇ. ಗೈಡೆನ್ ಮುಗಿಸಿದವರಿಗೆ ಆ ಆಟದ ಒಂದು ವಿಶೇಷ ಮಾದರಿ ಭಾಗವೂ ಆಡಲು ತೆರೆದುಕೊಳ್ಳುತ್ತದೆ. ಮುಂದಿನ 50 ಗಂಟೆಗಳನ್ನು ಕೊಡಬೇಕೇ ಬೇಡವೇ ಎಂಬುದನ್ನು ಅದನ್ನು ಆಡಿ ನೋಡಿಯೇ ತೀರ್ಮಾನಿಸಬಹುದು.